ಕಂಬವಿಲ್ಲದ ಚಪ್ಪರ

ಆ ದೇಶದ ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ನೀವು ಮ್ಯಾಪು ಬಿಡಿಸಿಕೊಂಡು ಕೂತು, ಇದು ಅದೇ ತಾನೇ, ಅದು ಇದೇ ತಾನೇ ಎಂದು ನನ್ನ ತಲೆ ತಿನ್ನುತ್ತೀರಿ. ದೊಡ್ಡ ದೇಶ, ಅಷ್ಟು ಸಾಕು. ಒಂದು ಮೂಲೆಯಲ್ಲಿ ಕಂಬಳಿ ಹೊದ್ದು ಗಡಗಡ ನಡುಗುವವರಿದ್ದರೆ ಇನ್ನೊಂದು ಮೂಲೆಯಲ್ಲಿ ಬೀಸಣಿಗೆ ಹಿಡಿದು ಉಸ್ಸಪ್ಪಾ ಎನ್ನುವವರಿದ್ದರು. ಒಬ್ಬರಿಗೆ ರೊಟ್ಟಿ ಇಲ್ಲದಿದ್ದರೆ ಊಟವಲ್ಲ, ಇನ್ನೊಬ್ಬರಿಗೆ ಮೀನು ಇಲ್ಲದಿದ್ದರೆ ಊಟವಲ್ಲ. ಆಕಾಶ ಮಾತ್ರ ಎಲ್ಲರಿಗೂ ಒಂದೇ, ಅದೂ ಕೆಟ್ಟ ಆಕಾಶ. ಬಿಸಿಲು ಬಂದರೆ ಚರ್ಮ ಸುಲಿಯುವ ಬಿಸಿಲು. ಮಳೆ ಬಂದರೆ ನೀರಿನ ಮಳೆಯಲ್ಲ, ಮುಷ್ಟಿಗಾತ್ರದ ಆಲಿಕಲ್ಲು. ಅದರ ಕೆಳಗೆ ತಾವೊಬ್ಬರೇ ಬದುಕುತ್ತೇವೆಂದು ಹೊರಟವರು ಯಾರೂ ಬಹಳ ದಿನ ಬದುಕಲಿಲ್ಲ.

ಅದಕ್ಕೆಂದೇ ಎಲ್ಲ ನಾಡುಗಳವರೂ ಸೇರಿ ಒಂದು ಚಪ್ಪರ ಹಾಕಿಕೊಂಡಿದ್ದರು. ಇಡೀ ದೇಶಕ್ಕೆ ಒಂದೇ ಚಪ್ಪರ. ಅದರ ಕೆಳಗೇ ಸಂತೆ, ಅದರ ಕೆಳಗೇ ಶಾಲೆ, ಅದರ ಕೆಳಗೇ ಮದುವೆ, ಬಾಣಂತನ, ಜಗಳ, ರಾಜಿ. ಆದರೆ ಆ ಚಪ್ಪರಕ್ಕೆ ಕಂಬ ಇರಲಿಲ್ಲ. ಮರದ ಕಂಬ ಕೊಟ್ಟರೆ ಬೆಳಗಾಗುವಷ್ಟರಲ್ಲಿ ಹಿಟ್ಟಾಗಿ ಉದುರಿರುತ್ತಿತ್ತು. ಕಲ್ಲಿನ ಕಂಬ ನೆಟ್ಟರೆ ನೆಲ ಅದನ್ನು ನುಂಗಿ ಏನೂ ಆಗಿಲ್ಲವೆಂಬಂತೆ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಚಪ್ಪರ ನಿಲ್ಲುತ್ತಿದ್ದುದು ಮನುಷ್ಯರ ಕೈಗೆ ಮಾತ್ರ. ಒಂದೊಂದು ನಾಡಿನಿಂದ ಒಬ್ಬೊಬ್ಬರು ಬಂದು, ಸುತ್ತಲೂ ನಿಂತು, ಎರಡೂ ಅಂಗೈಗಳನ್ನು ತೊಲೆಗೆ ಕೊಟ್ಟು ಹೊರುತ್ತಿದ್ದರು. ಮುಂದಿನ ಸುಗ್ಗಿಗೆ ಅದೇ ನಾಡಿನ ಇನ್ನೊಬ್ಬರು ಬಂದು ಕೈ ಕೊಟ್ಟ ಮೇಲೆಯೇ ಇವರು ಕೈ ಇಳಿಸುವುದು.

ಉಣ್ಣುವುದು ಹೇಗೆ, ಮಲಗುವುದು ಹೇಗೆ ಎಂದು ಕೇಳುತ್ತೀರಾ? ಪಕ್ಕದ ನಾಡಿನವರು ಬಾಯಿಗೆ ತುತ್ತಿಡುತ್ತಿದ್ದರು. ತನ್ನ ನಾಡಿನವರ ಕೈತುತ್ತು ತಿನ್ನುವ ಹಾಗಿರಲಿಲ್ಲ, ಅದು ಅಲ್ಲಿಯ ಕಟ್ಟು. ಮೊದಮೊದಲು ಮೂಗು ಮುರಿದವರೂ ಮಳೆಗಾಲ ಕಳೆಯುವಷ್ಟರಲ್ಲಿ ಬಾಯಿ ಚಪ್ಪರಿಸಿಕೊಂಡು ಕೇಳಿ ಹಾಕಿಸಿಕೊಳ್ಳುತ್ತಿದ್ದರು. ನಿದ್ದೆ ಬಂದರೆ ನಿಂತಲ್ಲೇ ಕಣ್ಣು ಮುಚ್ಚುವುದು. ಗಾಳಿ ಎದ್ದಾಗ ಯಾರಾದರೊಬ್ಬರು ಕೂಗುತ್ತಿದ್ದರು, ಹಿಡಿದಿದ್ದೀರಾ? ಹಿಡ್ಕಂಡಿವ್ನಿ ಕಣವ್ವ ಎಂದು ಒಂದು ಕಡೆಯಿಂದ. ಹಿಡಿದಿದ್ದೇನೆ ಮಾರಾಯ್ತಿ ಎಂದು ಇನ್ನೊಂದು ಕಡೆಯಿಂದ. ಹಿಡದೇನ್ರಿ ಎಂದು ಮತ್ತೊಂದು ಕಡೆಯಿಂದ. ಉತ್ತರ ಹೀಗೆ ಒಂದು ಸುತ್ತು ಬಂದ ಮೇಲೆ ಕೆಳಗಿದ್ದ ತಾಯಂದಿರು ಮಕ್ಕಳ ಬೆನ್ನು ತಟ್ಟಿ ಮಲಗಿಸುತ್ತಿದ್ದರು.

ನಿಯಮ ಒಂದೇ ಇತ್ತು. ಯಾವ ನಾಡಿನ ಕೈ ತೊಲೆಗೆ ತಾಗುವುದಿಲ್ಲವೋ ಆ ನಾಡಿನ ಮಂದಿಗೆ ಚಪ್ಪರದ ನೆರಳಿಲ್ಲ. ಗಂಟುಮೂಟೆ ಕಟ್ಟಿಕೊಂಡು ಆಲಿಕಲ್ಲಿನ ಕೆಳಗೆ ನಡೆಯಬೇಕು.

ಈಗ ನೋಡಿ, ದೇವರು ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಒತ್ತಿಲ್ಲ. ಗುಡ್ಡದ ನಾಡಿನವರು ಯಾರ ಮನೆಗೆ ಹೋದರೂ ಬಾಗಿಲಿಗೆ ಹಣೆ ಚಚ್ಚಿಸಿಕೊಳ್ಳುವಷ್ಟು ಎತ್ತರ. ಕರಿನೆಲದವರು ಗಿಡ್ಡ, ಅಗಲ, ಗಟ್ಟಿ. ಕಡಲ ನಾಡಿನವರಿಗೆ ಅಲುಗಾಡದ ನೆಲದ ಮೇಲೆ ನಿಂತರೆ ತಲೆ ಸುತ್ತುತ್ತಿತ್ತು. ಹಾಗಾಗಿ ಹೊರಲು ಬರುವವರು ಕಾಲ ಕೆಳಗೆ ಹಾಕಿಕೊಳ್ಳಲು ತಮ್ಮ ತಮ್ಮ ನಾಡಿನಿಂದ ಏನಾದರೊಂದು ತರುತ್ತಿದ್ದರು. ಗುಡ್ಡದವನು ಒಂದು ಬುಟ್ಟಿ ಕೆಂಪು ಮಣ್ಣು ತಂದು ತುಳಿದು ನಿಂತ. ಕಡಲಿನಿಂದ ಬಂದ ದೋಣಿಯವಳು ಒಂದು ಹಳೆಯ ದೋಣಿಯ ಹಲಗೆ ಹಾಕಿಕೊಂಡು ನಿಂತಳು. ಕರಿನೆಲದವಳು ಬೀಸುಕಲ್ಲಿನ ಕೆಳಗಿನ ಹೋಳನ್ನು ತಲೆಯ ಮೇಲೆ ಹೊತ್ತು ತಂದು, ಅದರ ಮೇಲೆ ನಿಂತಳು. ನಮ್ಮ ಕಥೆ ಇವಳದು.

ಕರಿನೆಲದ ಪದ್ಧತಿ ಅದು. ಹೊರಲು ಹೋಗುವವರು ಮನೆಯ ಬೀಸುಕಲ್ಲಿನ ಕೆಳಹೋಳು ಒಯ್ಯಬೇಕು, ಮೇಲಿನ ಹೋಳು ಮನೆಯಲ್ಲೇ ಉಳಿಯಬೇಕು. ಅವರು ತಿರುಗಿ ಬರುವ ತನಕ ಆ ಮನೆಯಲ್ಲಿ ಬೀಸುವಂತಿಲ್ಲ, ಓಣಿಯವರೇ ಹಿಟ್ಟು ಕೊಟ್ಟು ಕಳಿಸುತ್ತಿದ್ದರು. ಆ ಕಲ್ಲಿನ ಮೇಲೆ ನಿಂತರೆ ಅವಳ ಅಂಗೈ ತೊಲೆಗೆ ಸರಿಯಾಗಿ ಕೂರುತ್ತಿತ್ತು. ಕಲ್ಲಿಲ್ಲದಿದ್ದರೆ ಗೇಣು ಕಡಿಮೆ. ಅವಳ ಮಗಳು ಅಲ್ಲೇ ಕೆಳಗೆ, ಹಸಿ ಬಾಣಂತಿ, ಮಡಿಲಲ್ಲಿ ಕೂಸು. ಕರಿನೆಲದವಳು ಆಗಾಗ ಕಣ್ಣು ಕೆಳಗೆ ಮಾಡಿ ಮೊಮ್ಮಗಳ ಮುಖ ನೋಡುತ್ತಿದ್ದಳು, ಮತ್ತೆ ತೋಳು ಗಟ್ಟಿ ಮಾಡುತ್ತಿದ್ದಳು.

ಹೀಗೆ ಹಿಡಿದ ಚಪ್ಪರ ಒಂದು ಕಡೆ ಏರು, ಒಂದು ಕಡೆ ಇಳುಕಲು, ನಡುನಡುವೆ ಉಬ್ಬು ತಗ್ಗು. ಅದು ಚೆಂದವೋ ಅಲ್ಲವೋ ಎಂದು ಯಾರೂ ಯೋಚಿಸಿರಲಿಲ್ಲ. ತಲೆಯ ಮೇಲಿತ್ತು, ಅಷ್ಟೇ.

ಚಪ್ಪರದ ನಟ್ಟನಡುವೆ ನಡುಮನೆ ಎಂಬುದೊಂದಿತ್ತು. ಎಲ್ಲ ನಾಡುಗಳ ಲೆಕ್ಕಪತ್ರ, ನ್ಯಾಯ ತೀರ್ಮಾನ ಅಲ್ಲಿ. ಅಲ್ಲಿದ್ದವರಿಗೆ ಕೈ ಎತ್ತುವ ಕೆಲಸವಿರಲಿಲ್ಲ. ನೆರಳಿನ ನಟ್ಟನಡುವೆ ತಲೆಮಾರುಗಟ್ಟಲೆ ಕೂತವರಿಗೆ ಅಂಚಿನಲ್ಲಿ ಯಾರೋ ನಿಂತಿದ್ದಾರೆ ಎಂಬುದೇ ಮರೆತುಹೋಗಿತ್ತು. ಒಂದು ದಿನ ಅವರಲ್ಲಿ ಯಾರೋ ಅಂಗಾತ ಮಲಗಿ ಮೇಲೆ ನೋಡಿದರಂತೆ. ಅರೆ, ಚಪ್ಪರ ಸೊಟ್ಟಗಿದೆಯಲ್ಲ! ಛೆ, ನೋಡಿದವರು ಏನಂದುಕೊಂಡಾರು! ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ.

ನಡುಮನೆಯಿಂದ ಮಟ್ಟದ ಸಾಹೇಬ ಬಂದ. ಗಾರೆಯವರು ಇಟ್ಟುಕೊಳ್ಳುತ್ತಾರಲ್ಲ, ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುವ ರಸಮಟ್ಟ, ಅದು ಅವನ ಕೈಯಲ್ಲಿ. ಮನುಷ್ಯ ಕೆಟ್ಟವನಲ್ಲ, ಸುಳ್ಳು ಯಾಕೆ ಹೇಳಲಿ. ಕೂಸುಗಳನ್ನು ಕಂಡರೆ ಕೆನ್ನೆ ಹಿಂಡುತ್ತಿದ್ದ, ದೇಶ ಎಂದರೆ ಅವನ ಕಣ್ಣಲ್ಲಿ ನೀರು ಬರುತ್ತಿತ್ತು, ಅದೂ ನಿಜವಾದ ನೀರು. ಆದರೆ ಗುಳ್ಳೆ ನಡುವಿಗೆ ಬಂದರೆ ದೇಶ ಒಂದಾಯಿತು ಎಂದು ಅವನು ನಂಬಿಬಿಟ್ಟಿದ್ದ. ಆ ನಂಬಿಕೆಯ ಮುಂದೆ ಅವನಿಗೆ ಯಾರ ಕಾಲೂ ಕಾಣುತ್ತಿರಲಿಲ್ಲ.

ಮೊದಲು ಸುತ್ತಲೂ ನುಣುಪಾದ ಬಿಳಿಯ ನೆಲ ಹಾಸಿಸಿದ. ಮುಖ ಕಾಣುವಂಥ ನೆಲ. ನಡುಮನೆಯ ಬಾಗಿಲಿನ ಎತ್ತರ ಹಿಡಿದು ಒಂದು ದಾರ ಕಟ್ಟಿಸಿದ. ಆಮೇಲೆ ಸಾರಿದ. ಇನ್ನು ಮುಂದೆ ಎಲ್ಲರೂ ಒಂದೇ ನೆಲದ ಮೇಲೆ ನಿಲ್ಲಬೇಕು, ಎಲ್ಲರ ಅಂಗೈಯೂ ಒಂದೇ ದಾರಕ್ಕಿರಬೇಕು. ಮಣ್ಣು, ಹಲಗೆ, ಕಲ್ಲು ಎಲ್ಲ ಆಚೆಗೆ. ಎತ್ತರದವರು ಮಂಡಿ ಬಗ್ಗಿಸಿ, ಗಿಡ್ಡದವರು ತುದಿಗಾಲಲ್ಲಿ ನಿಲ್ಲಿ. ದೇಶಕ್ಕೋಸ್ಕರ ಇಷ್ಟೂ ಮಾಡದಿದ್ದರೆ ಹೇಗೆ?

ಗುಡ್ಡದವನು ಸಾಧು ಪ್ರಾಣಿ. "ಓಗ್ಲಿ ಬುಡು, ಯಾಕ್ ತಕರಾರು" ಎಂದುಕೊಂಡು ಕೆಂಪು ಮಣ್ಣು ಬಿಟ್ಟು ಇಳಿದ, ಮಂಡಿ ಬಗ್ಗಿಸಿದ. ದೋಣಿಯವಳು "ಎಂತ ಕರ್ಮವೋ ಇದು" ಎಂದು ಬೈದುಕೊಂಡೇ ಹಲಗೆಯನ್ನು ಪಕ್ಕಕ್ಕೆ ಒದ್ದಳು. ಒಬ್ಬರಾದ ಮೇಲೊಬ್ಬರು ಇಳಿದರು, ಬಗ್ಗಿದರು, ನಿಗುರಿದರು. ಚಪ್ಪರ ಗುಡ್ಡದ ಕಡೆ ತಗ್ಗಿತು, ಗಿಡ್ಡದವರ ಕಡೆ ಎದ್ದಿತು. ನಡುಮನೆಯವರು ಚಪ್ಪಾಳೆ ತಟ್ಟಿದರು. ನಿಜ ಹೇಳಬೇಕೆಂದರೆ ನೋಡಲು ಚೆನ್ನಾಗಿಯೇ ಇತ್ತು.

ಸಾಹೇಬ ರಸಮಟ್ಟ ಹಿಡಿದು ಸುತ್ತು ಬಂದು ಕರಿನೆಲದವಳ ಮುಂದೆ ನಿಂತ. ಅವಳು ಕಲ್ಲಿನ ಮೇಲೆಯೇ ಇದ್ದಳು.

"ಇಳಿಯಮ್ಮ."

"ನಾ ಇಳಿಯಂಗಿಲ್ರಿ."

"ಯಾಕೆ?"

"ಇಳದ್ರ ಕೈ ಮುಟ್ಟಂಗಿಲ್ಲ."

"ತುದಿಗಾಲಲ್ಲಿ ನಿಲ್ಲು."

"ಎಷ್ಟ ದಿವಸ?"

"ರೂಢಿಯಾಗುತ್ತೆ ಕಣಮ್ಮ. ಒಂದೆರಡು ತಲೆಮಾರು ಕಳೆದರೆ ನಿಮ್ಮ ಮಕ್ಕಳು ಹುಟ್ಟುವಾಗಲೇ ಉದ್ದ ಹುಟ್ಟುತ್ತಾರೆ."

ಅವಳಿಗೆ ನಗು ಬಂತು. ತೊಲೆ ಹೊತ್ತವಳು ನಕ್ಕರೆ ಚಪ್ಪರವೆಲ್ಲ ಅದುರುತ್ತದೆ. ಕೆಳಗೆ ಮಗಳೂ ಕಿಸಕ್ಕೆಂದಳು. ಸಾಹೇಬನಿಗೆ ಅವಮಾನವಾಯಿತು.

"ಕೆಳಗೆ ನೋಡು, ಎಂಥಾ ನೆಲ ಹಾಸಿದ್ದೇವೆ. ಮುಖ ಕಾಣುತ್ತೆ."

"ಮುಖಾ ನೋಡ್ಕೊಳ್ಳಾಕ ಬಂದಿಲ್ರಿ ನಾನು, ಹೊರಾಕ ಬಂದೇನಿ."

"ಎಲ್ಲರ ನೆಲ ಬೇಡ, ನಿನ್ನ ನಾಡಿನ ಕಲ್ಲೇ ಬೇಕು ಅಂದರೆ ಏನರ್ಥ? ಇವರೆಲ್ಲ ನಿನ್ನವರಲ್ಲ ಅಂತಲೇ? ಇಂಥವರಿಂದಲೇ ಚಪ್ಪರ ಒಡೆಯುವುದು."

ಆಗ ಅವಳ ನಗು ನಿಂತಿತು. ಬಿಸಿಲಿಗೆ ಸುಟ್ಟು, ಚಳಿಗೆ ಬಿರಿದು, ಕೈ ಮರಗಟ್ಟಿ ನಿಂತವಳಿಗೆ ಯಾರೂ ಆ ಮಾತು ಆಡಿರಲಿಲ್ಲ.

"ಒಡಿಯಾಕಿ? ನಾನು? ಈ ರಟ್ಟಿ ನೋಡ್ರಿ ಸಾಹೇಬ್ರ. ಒಡಿಯೂ ಮನಸಿದ್ರ ಎರಡೂ ಕೈ ಮ್ಯಾಲೆತ್ತಿ ನಿಂದರತಿದ್ನೇನು? ಕೈ ಇಳಿಸಿ ಮನಿಗೆ ಹೋಗಿ ಜ್ವಾಳಾ ಬೀಸಕೋಂತ ಕುಂದರತಿದ್ದೆ. ನನ್ನ ಬಾಜೂಕ ಗುಡ್ಡದ ಅಣ್ಣ ಅದಾನ. ಅವರ ಮಂದಿ ತಿನ್ನಿಸಿದ ಮುದ್ದಿ ತಿಂದ ಈ ತೋಳ ಗಟ್ಟಿ ಆಗ್ಯಾವು. ಅವರು ನನ್ನವರಲ್ಲಂತ ನನಗ ಹೇಳಾಕ ಬರತೀರಿ? ನೀವು ಒಂದ ದಿವಸರ ಇದನ್ನ ಹಿಡದೀರೇನು?"

ಸಾಹೇಬ ರಸಮಟ್ಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಅವನ ಕಿವಿ ಕೆಂಪಾಗಿತ್ತು.

"ಕಲ್ಲ ಬಿಟ್ಟ ಇಳಿಯಂಗಿಲ್ಲ, ತೊಲಿ ಬಿಟ್ಟ ಹೋಗಂಗಿಲ್ಲ. ಎರಡೂ ಹೋಗಿ ನಿಮ್ಮ ನಡುಮನ್ಯಾಗ ಹೇಳ್ರಿ," ಎಂದಳು ಕರಿನೆಲದವಳು.

ಸಾಹೇಬ ಹೇಳಿದ. ಅವರೂ ಕೇಳಿದರು. ಮರುದಿನ ನಡುಮನೆಯ ದಾಂಡಿಗರು ಹಾರೆ ಹಿಡಿದು ಬಂದರು. ಅವಳನ್ನು ಮುಟ್ಟಲಿಲ್ಲ, ಹೊಡೆಯಲಿಲ್ಲ, ಬಯ್ಯಲಿಲ್ಲ. ಕಲ್ಲಿನ ಕೆಳಗೆ ಹಾರೆ ತೂರಿಸಿ ಮೀಟಿದರು, ಉರುಳಿಸಿಕೊಂಡು ಹೋಗಿ ಮಾರು ದೂರದಲ್ಲಿ ಬಿಟ್ಟರು.

ಅವಳ ಕಾಲು ಗಾಳಿಯಲ್ಲಿ ಆಡಿದವು. ಅಂಗೈ ಜಾರಿತು, ಬೆರಳು ಮಡಚಿತು, ತೊಲೆಯನ್ನು ಗಪ್ಪನೆ ಹಿಡಿಯಿತು. ಕರಿನೆಲದವಳು ಚಪ್ಪರಕ್ಕೆ ಜೋತುಬಿದ್ದಳು.

"ಯವ್ವಾ! ಕೈ ಬಿಡು, ಭುಜಾ ಕಿತ್ತ ಬರತೈತಿ!" ಎಂದು ಮಗಳು ಕೂಸನ್ನು ಎದೆಗವುಚಿಕೊಂಡು ಕಿರುಚಿದಳು.

"ಬಿಟ್ರ ನಿನ್ನ ಕೂಸಿನ ತಲಿ ಮ್ಯಾಲೆ ಏನ ಉಳೀತೈತಿ? ಸುಮ್ನಿರು."

ಸಾಹೇಬ ಜನರ ಕಡೆ ತಿರುಗಿದ. ಅವನ ದನಿಯಲ್ಲಿ ದುಃಖವೇ ಇತ್ತು. "ನೋಡಿ ಮಹಾಜನಗಳೇ. ಎಲ್ಲರೂ ಹೊರುತ್ತಿದ್ದಾರೆ. ಇವಳೊಬ್ಬಳು ಜೋತುಬಿದ್ದಿದ್ದಾಳೆ. ಈ ನಾಡು ದೇಶಕ್ಕೆ ಭಾರವಾಗಿದೆ. ಸಂಜೆಯೊಳಗೆ ಇವಳು ಕೈ ಬಿಡದಿದ್ದರೆ ನಾವೇ ಬಿಡಿಸಬೇಕಾಗುತ್ತದೆ, ಇವರ ಮಂದಿ ಗಂಟು ಕಟ್ಟಲಿ."

ಕೇಳಿದಿರಾ? ಕಾಲ ಕೆಳಗಿನ ಕಲ್ಲು ಕೀಳಿಸಿದವನೂ ಇವನೇ, ಭಾರ ಭಾರ ಎಂದು ಊರಿಗೆಲ್ಲ ಕೂಗುವವನೂ ಇವನೇ. ಇದನ್ನು ಹೇಳುವಾಗ ನನಗೆ ಈಗಲೂ ಮೈ ಉರಿಯುತ್ತದೆ. ಕೆಟ್ಟದ್ದೇನೆಂದರೆ, ಒಂದಷ್ಟು ಮಂದಿ ಹೌದು ಹೌದು ಎಂದು ತಲೆಯಾಡಿಸಿದರು. ಅವಳು ಜೋತುಬಿದ್ದಿದ್ದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಕಲ್ಲು ಮಾತ್ರ ಯಾರಿಗೂ ಕಾಣಲಿಲ್ಲ. ಕರಿನೆಲದ ಮಂದಿ ತುಟಿ ಪಿಟಿಕ್ಕೆನ್ನದೆ ಚಾಪೆ ಸುತ್ತತೊಡಗಿದರು.

ಸಂಜೆಯ ತನಕ ಕಾಯುವ ಕೆಲಸವೇ ಬೀಳಲಿಲ್ಲ. ನಡುಹಗಲಲ್ಲೇ ಆಕಾಶ ಕಪ್ಪಾಯಿತು. ಗಾಳಿ ಎದ್ದಿತು. ಮೊದಲು ಒಂದು ಆಲಿಕಲ್ಲು, ಟಪ್. ಆಮೇಲೆ ಇನ್ನೊಂದು. ಆಮೇಲೆ ಎಣಿಸಲು ಯಾರಿಂದಾಗುತ್ತದೆ, ಸಾವಿರ ಸುತ್ತಿಗೆಗಳು ಒಟ್ಟಿಗೆ ಬಡಿದವು. ಮಟ್ಟವಾದ ಚಪ್ಪರದ ಮೇಲೆ ಬಿದ್ದದ್ದೆಲ್ಲ ಬಿದ್ದಲ್ಲೇ ಕೂತಿತು.

ಜೋತುಬಿದ್ದ ಕರಿನೆಲದವಳು ಉಸಿರು ಒಟ್ಟುಮಾಡಿ ಕೂಗಿದಳು. "ಹಿಡದೀರೇನ್ರಿ?"

ಉತ್ತರವಿಲ್ಲ.

"ಹಿಡದೀರೇನ್ರೋ ಯಪ್ಪಾ?"

ಮಂಡಿ ಬಗ್ಗಿಸಿ ನಿಂತವರಿಗೆ ಉಸಿರಿರಲಿಲ್ಲ, ತುದಿಗಾಲಲ್ಲಿ ನಿಂತವರ ಮೀನಖಂಡ ಪತರಗುಟ್ಟುತ್ತಿತ್ತು. ಚಪ್ಪರ ಕಿರ್ರೆಂದಿತು. ಆ ದೇಶದಲ್ಲಿ ಆ ಕೂಗಿಗೆ ಯಾರೂ ಓಗೊಡದೆ ಇದ್ದದ್ದು ಅದೇ ಮೊದಲು. ಮಕ್ಕಳು ಅಳುವುದನ್ನೂ ನಿಲ್ಲಿಸಿ ಮೇಲೆ ನೋಡಿದವು. ಅವಳಿಗೆ ಆಗ ಹೆದರಿಕೆಯಾಯಿತು. ಕಲ್ಲು ಕಿತ್ತಾಗಲೂ ಆಗದ ಹೆದರಿಕೆ.

ಗುಡ್ಡದವನು ಪಕ್ಕದಲ್ಲೇ ಇದ್ದ. ಬಗ್ಗಿಸಿದ ಅವನ ಮಂಡಿ ಗಡಗಡ ನಡುಗುತ್ತಿತ್ತು, ಮುಖದ ಮೇಲೆ ಬೆವರು ಹರಿಯುತ್ತಿತ್ತು. ಅವನು ಮಂಡಿಯನ್ನು ಅವಳ ಕಡೆ ಇಷ್ಟು ಚಾಚಿದ.

"ತಂಗಿ, ನನ್ ಮಂಡಿ ಮ್ಯಾಲ್ ಕಾಲ್ ಮಡಗು. ಒಸಿ ಸುಧಾರಿಸ್ಕೊ."

ಅವಳ ಕಾಲ್ಬೆರಳು ಅವನ ಮಂಡಿಯ ತನಕ ಹೋಯಿತು. ಎಂಥ ಆಸೆ ಆಗಿರಬೇಡ! ತೋಳು ಸಂದಿಯಲ್ಲಿ ಸೀಳುತ್ತಿದ್ದವು. ಆದರೂ ಕಾಲು ಹಿಂದೆಗೆದುಕೊಂಡಳು.

"ಬ್ಯಾಡ ಯಣ್ಣಾ. ನಿನ್ನ ಮಣಕಾಲ ಮ್ಯಾಲೆ ನಾ ನಿಂತ್ರ ನೀ ಎಂದೂ ಏಳಂಗಿಲ್ಲ. ಏಳು. ನೆಟ್ಟಗ ನಿಂದರು."

"ಎದ್ರೆ ಮಟ್ಟ ತಪ್ತದಲ್ಲವ್ವ."

"ತಪ್ಪಲಿ!"

"ಸಾಯೇಬ್ರು..."

"ಸಾಹೇಬ್ರ ತಲಿ ಮ್ಯಾಲಿಂದೂ ನಾವ ಹಿಡದೇವಿ. ಏಳು ಅಂದ್ರ ಏಳು! ನಿಮ್ಮವ್ವ ನಿನ್ನ ಬಗ್ಗಿಸಿ ಹಡದಿಲ್ಲ!"

ಗುಡ್ಡದವನು ಒಮ್ಮೆ ಕಣ್ಣು ಮುಚ್ಚಿದ. ಹಲ್ಲು ಕಚ್ಚಿದ. ಎದ್ದ. ಮಂಡಿ ಲಟಕ್ಕೆಂದಿತು, ಬೆನ್ನು ಬಿಚ್ಚಿತು, ಚಪ್ಪರದ ಒಂದು ಕಡೆ ದಡಕ್ಕನೆ ಮೇಲೇರಿತು. ಸಾಹೇಬನ ಕೊಳವೆಯಲ್ಲಿ ಗುಳ್ಳೆ ಓಡಿಹೋಗಿ ಮೂಲೆ ಸೇರಿತು. "ಕೂತ್ಕೋ! ಕೂತ್ಕೋ!" ಎಂದು ಅವನು ಕೂಗಿದ, ಆಲಿಕಲ್ಲಿನ ಸದ್ದಿನಲ್ಲಿ ಯಾರು ಕೇಳುತ್ತಾರೆ. ಅತ್ತ ದೋಣಿಯವಳು "ಸಾಕು ಮಾರಾಯ ನಿನ್ನ ಮಟ್ಟ!" ಎಂದು ಕಾಲು ಚಾಚಿ ಹಲಗೆಯನ್ನು ಎಳೆದುಕೊಂಡು ಅದರ ಮೇಲೆ ಹತ್ತಿದಳು. ಒಬ್ಬರನ್ನು ನೋಡಿ ಇನ್ನೊಬ್ಬರು. ಬಗ್ಗಿದವರು ಎದ್ದರು, ನಿಗುರಿದವರು ಹಿಮ್ಮಡಿ ಊರಿದರು, ಕಾಲಲ್ಲಿ ತಡಕಿ ತಡಕಿ ತಮ್ಮದನ್ನು ಕಾಲಡಿಗೆ ಎಳೆದುಕೊಂಡರು. ಚಪ್ಪರ ಮೊದಲಿನಂತೆ ಸೊಟ್ಟಗಾಯಿತು. ಮೇಲೆ ಕೂತಿದ್ದ ಆಲಿಕಲ್ಲೆಲ್ಲ ಸರಸರ ಜಾರಿ ಅಂಚಿನಾಚೆ ಸುರಿಯಿತು.

"ಹಿಡ್ಕಂಡಿವ್ನಿ ಕಣವ್ವೋ!" ಎಂದು ಗುಡ್ಡದವನು ಗುಡುಗಿದ. ಉತ್ತರ ಸುತ್ತಲೂ ಓಡಿತು.

ಕರಿನೆಲದವಳ ಕಾಲು ಇನ್ನೂ ನೆಲ ಮುಟ್ಟಿರಲಿಲ್ಲ. ಗೇಣು ಬಾಕಿ. ಅವಳ ಕಲ್ಲು ಮಾರು ದೂರ. ದಾಂಡಿಗರು ಹಾರೆ ಎಸೆದು ಆಗಲೇ ನಡುಮನೆಗೆ ಓಡಿದ್ದರು. ಹೊತ್ತವರ ಕೈಯೆಲ್ಲ ತೊಲೆಯಲ್ಲಿ, ಮಗಳ ಕೈಯಲ್ಲಿ ಕೂಸು, ಉಳಿದ ಮಂದಿ ಮಕ್ಕಳನ್ನೂ ಗಂಟುಗಳನ್ನೂ ಎತ್ತಿಕೊಂಡು ಅಂಚು ಬಿಟ್ಟು ದೂರ ಸರಿದಿದ್ದರು. ಖಾಲಿ ಕೈ ಅಲ್ಲಿ ಒಬ್ಬನಿಗೇ ಇದ್ದದ್ದು. ಅವನು ಅವಳ ಕಾಲ ಬುಡದಲ್ಲೇ ಮುದುಡಿ ಕೂತಿದ್ದ, ರಸಮಟ್ಟವನ್ನು ತಲೆಯ ಮೇಲೆ ಹಿಡಿದುಕೊಂಡು.

"ಸಾಹೇಬ್ರ," ಎಂದಳು ಅವಳು. ಬೇಡಿಕೊಳ್ಳಲಿಲ್ಲ, ಬಯ್ಯಲೂ ಇಲ್ಲ. "ಕಲ್ಲ."

ಅವನು ಕಲ್ಲನ್ನು ನೋಡಿದ, ಮೇಲೆ ಅವಳ ತೋಳನ್ನು ನೋಡಿದ. ಬಹುಶಃ ಅವನು ತೋಳೊಂದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲಿರಬೇಕು. ರಸಮಟ್ಟ ಪಕ್ಕಕ್ಕಿಟ್ಟು ತೆವಳಿಕೊಂಡು ಹೋದ. ಜೀವಮಾನದಲ್ಲಿ ಒಂದು ತಂಬಿಗೆಗಿಂತ ಭಾರದ್ದನ್ನು ಎತ್ತಿದವನಲ್ಲ. ಎದೆ ಕೊಟ್ಟು ನೂಕಿದ, ಬೆರಳು ಜಜ್ಜಿಸಿಕೊಂಡ, ಅಯ್ಯಯ್ಯೋ ಎಂದ, ಮತ್ತೆ ನೂಕಿದ. ಕಲ್ಲು ಬಂದು ಅವಳ ಪಾದದಡಿ ಕೂತಿತು. ಅವಳು ಕಾಲೂರಿದಳು. ಬೆರಳು ಬಿಚ್ಚಿ ಅಂಗೈ ತೊಲೆಗೆ ಕೊಟ್ಟಳು. ಕಣ್ಣಲ್ಲಿ ಬಳಬಳ ನೀರಿಳಿಯಿತು, ಒರೆಸಿಕೊಳ್ಳಲು ಕೈಯಿರಲಿಲ್ಲ. ಕರಿನೆಲದ ಮಂದಿ ಸುತ್ತಿದ ಚಾಪೆ ಬಿಚ್ಚಿ ಹಾಸಿದರು.

ಸಾಹೇಬ ಎದ್ದು ನಿಂತ. ಅವನಿಗೇನನಿಸಿತೋ, ತಾನೂ ಎರಡು ಕೈ ಎತ್ತಿ ತೊಲೆಗೆ ಕೊಡಲು ಹೋದ. ನುಣುಪಾದ ನೆಲದ ಮೇಲೆ ಆಲಿಕಲ್ಲು ಕರಗಿ ನೀರಾಗಿತ್ತು. ಕಾಲು ಜಾರಿತು. ಎದ್ದ, ಮತ್ತೆ ಜಾರಿತು. ಕೊನೆಗೆ ಮೆಲ್ಲಗೆ ಒಂದು ಪಾದವನ್ನು ಅವಳ ಕಲ್ಲಿನ ಅಂಚಿಗೆ ಇಡಲು ನೋಡಿದ.

"ಅದು ನಮ್ಮ ಕಲ್ರಿ," ಎಂದಳು ಕರಿನೆಲದವಳು. ಪಾದ ಹಿಂದೆ ಹೋಯಿತು. "ನಿಮ್ಮೂರು ಯಾವುದು?"

"ನನ್ನದು ನಡುಮನೆ."

"ಅದು ಕಚೇರಿ. ಊರು ಯಾವುದಂತ ಕೇಳಿದೆ."

ತುಟಿ ಅಲುಗಿತು, ಹೆಸರು ಬರಲಿಲ್ಲ. "ಅಜ್ಜನ ಕಾಲದಲ್ಲಿ... ಕಡಲ ಕಡೆಯವರು ಅಂತಿದ್ದರು."

"ಅಯ್ಯೋ ದೇವರೇ, ನಮ್ಮವನಾ ನೀನು!" ಎಂದು ದೋಣಿಯವಳು ಅಲ್ಲಿಂದಲೇ ಹಣೆ ಚಚ್ಚಿಕೊಳ್ಳಲು ಹೋಗಿ, ಕೈ ತೊಲೆಯಲ್ಲಿದೆಯೆಂದು ನೆನಪಾಗಿ ಸುಮ್ಮನಾದಳು.

ಕರಿನೆಲದವಳು ಸಾಹೇಬನ ಮುಖವನ್ನೇ ನೋಡಿದಳು. "ಹಂಗಾರ ಹೋಗ್ರಿ. ನಿಮ್ಮೂರಿಗೆ ಹೋಗಿ, ಕಾಲ ಕೆಳಗ ನಿಲ್ಲೂವಂಥಾದ್ದು ನಿಮ್ದ ಒಂದು ತೊಗೊಂಡ ಬರ್ರಿ. ನನ್ನ ಬಾಜೂಕ ನಿಂದರ್ರಿ, ಬ್ಯಾಡನ್ನಂಗಿಲ್ಲ. ನೀವು ಬರೂತನಕ ನಿಮ್ಮ ಪಾಲಿಂದೂ ನಾವ ಹಿಡೀತೀವಿ."

ಸಾಹೇಬ ಚಪ್ಪರದ ಅಂಚಿನ ತನಕ ನಡೆದ. ಆಚೆ ಇನ್ನೂ ಆಲಿಕಲ್ಲು ಬೀಳುತ್ತಿತ್ತು. ಅಲ್ಲಿ ನಿಂತು, ಹಿಂತಿರುಗಿ, ಕಳೆದುಹೋದ ಮಗುವಿನ ಹಾಗೆ ಕೇಳಿದ. "ದಾರಿ ಯಾವ ಕಡೆ?"

ದೋಣಿಯವಳ ಎರಡೂ ಕೈ ತೊಲೆಯಲ್ಲಿದ್ದವು. ಅವಳು ಗದ್ದ ಎತ್ತಿ ಪಡುವಣ ದಿಕ್ಕು ತೋರಿಸಿದಳು.

"ಬೇಗ ಬಾ ಮಾರಾಯ," ಎಂದಳು, "ಕೈ ಸೋಲ್ತಾ ಉಂಟು."